ಸಣ್ಣ ಪಿಸಿ ಗೇಮಿಗೆ ಕಾಪಿ ಪ್ರೊಟೆಕ್ಷನ್ ಹಾಕುವುದು ಲಾಭವೋ ದಂಡವೋ?

ಮೂವರು ಗೆಳೆಯರು ಸೇರಿ ಮೈಸೂರಿನಲ್ಲಿ ಪಿಸಿ ಗೇಮ್ ಮಾಡುತ್ತಿದ್ದೀರಿ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಮಾರಬೇಕು ಅಂತಿದ್ದೀರಿ, ಯಾರೂ ಕಾಪಿ ಹೊಡೆಯದ ಹಾಗೆ ಬೀಗ ಹಾಕಬೇಕಾ ಅಂತ ಕೇಳಿದ್ದೀರಿ. ನಿಮ್ಮಲ್ಲೊಬ್ಬರು ಎರಡು ವಾರ ಕೊಟ್ಟರೆ ಸೀರಿಯಲ್ ಕೀ (ದುಡ್ಡು ಕೊಟ್ಟವರಿಗೆ ಮಾತ್ರ ಕೊಡುವ ಗುಟ್ಟಿನ ನಂಬರ್) ಸಿಸ್ಟಮ್ ನಾನೇ ಬರೆದುಬಿಡುತ್ತೇನೆ ಅನ್ನುತ್ತಿದ್ದಾರಂತೆ. ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಬೇಡ. ದೊಡ್ಡ ಕಂಪನಿಗಳಿಗೆ ಬೇಕಾಗಬಹುದು. ಈ ವ್ಯವಹಾರದಲ್ಲಿ ನಾನು ಮೊದಲು ಕಳ್ಳನಾಗಿದ್ದೆ, ಆಮೇಲೆ ಕಳೆದುಕೊಂಡವನೂ ಆದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಡಿಪ್ಲೊಮಾ ಓದುವಾಗ ಸಂಜೆ ಹೊತ್ತು ಮಂಡ್ಯದ ಒಂದು ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಸುಮಾರು 2006ರ ಮಾತು. ಸುತ್ತಮುತ್ತಲ ಹಳ್ಳಿಯವರು ಟಿವಿಎಸ್ ಎಕ್ಸ್‌ಎಲ್ ಮುಂದೆ ಸಿಪಿಯು ಇಟ್ಟುಕೊಂಡು, ಧೂಳು ಹೋಗದಿರಲಿ ಅಂತ ಟವೆಲ್ ಸುತ್ತಿಕೊಂಡು ಬರುತ್ತಿದ್ದರು. 'ಅಣ್ಣ, ವಿಂಡೋಸ್ ಹಾಕ್ಬುಟ್ಟು ಒಸಿ ಗೇಮೂ ಹಾಕ್ಕೊಡಣ್ಣ, ಹುಡ್ಗ ಪ್ರಾಣ ತಿಂತವ್ನೆ' ಅನ್ನುತ್ತಿದ್ದರು. ಅಂಗಡಿಯಲ್ಲಿ 80 ಜಿಬಿಯ ಒಂದು ಹಾರ್ಡ್ ಡಿಸ್ಕ್ ಇತ್ತು. ಅದರ ತುಂಬ ಗೇಮ್‌ಗಳೇ. ಐವತ್ತು ರೂಪಾಯಿಗೆ ಮೂರು ಗೇಮ್.

ಕೆಲಸ ನನಗೆ ಬಾಯಿಪಾಠ. ಗೇಮ್ ಇನ್‌ಸ್ಟಾಲ್ ಮಾಡು. 'ಕ್ರ್ಯಾಕ್' ಅನ್ನುವ ಫೋಲ್ಡರ್ ತೆಗಿ. ಅಲ್ಲಿರುವ, ಬೀಗ ಕಿತ್ತುಹಾಕಿದ ಒಂದೇ ಒಂದು ಎಕ್ಸ್‌ಇ ಫೈಲನ್ನು (ಗೇಮ್ ಶುರುಮಾಡುವ ಫೈಲು) ಕಾಪಿ ಮಾಡಿ, ಗೇಮ್ ಕೂತಿರುವ ಜಾಗದಲ್ಲಿ ಪೇಸ್ಟ್ ಮಾಡು. ಹಳೆಯದರ ಮೇಲೆ ಹಾಕಲಾ ಅಂತ ಕೇಳಿದರೆ ಯೆಸ್ ಅನ್ನು. ಅಷ್ಟೆ. ಒಂದು ನಿಮಿಷವೂ ಬೇಡ. ಇದು ತಪ್ಪು ಅಂತ ಗಿರಾಕಿಗೂ ಅನ್ನಿಸುತ್ತಿರಲಿಲ್ಲ, ನನಗೂ ಅನ್ನಿಸುತ್ತಿರಲಿಲ್ಲ. ಒರಿಜಿನಲ್ ಡಿಸ್ಕ್ ಅನ್ನುವುದು ಇಡೀ ಊರಲ್ಲಿ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಒಂದೇ ಒಂದು ಸಲ ಒರಿಜಿನಲ್ ತಗೊಂಡೆ. ಅಂಗಡಿಯ ಸಂಬಳ ಉಳಿಸಿ, ಬೆಂಗಳೂರಿಗೆ ಹೋದಾಗ 999 ರೂಪಾಯಿ ಕೊಟ್ಟು ಒಂದು ಕಾರ್ ರೇಸಿನ ಗೇಮ್. ಬಸ್ಸಿನಲ್ಲಿ ರಾಮನಗರ ದಾಟುವಷ್ಟರಲ್ಲಿ ಡಬ್ಬದ ಮೇಲಿನ ಪ್ಲಾಸ್ಟಿಕ್ ಬಿಚ್ಚಿ ಒಳಗಿದ್ದ ಪುಸ್ತಕವನ್ನು ಎರಡು ಸಲ ಓದಿದ್ದೆ. ಮನೆಗೆ ಬಂದು ಹಾಕಿದರೆ ಡ್ರೈವ್ ಗರ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಪರದೆ ಮೇಲೆ, ದಯವಿಟ್ಟು ಒರಿಜಿನಲ್ ಡಿಸ್ಕ್ ಹಾಕಿ ಅಂತ ಬಂತು. ಹಾಕಿರುವುದೇ ಒರಿಜಿನಲ್! ಲೆನ್ಸ್ ಒರೆಸಿದೆ, ಡಿಸ್ಕ್ ಒರೆಸಿದೆ, ಡ್ರೈವ್ ಬಿಚ್ಚಿ ಊದಿದೆ. ಹತ್ತು ಸಲಕ್ಕೆ ಎರಡು ಸಲ ಓಡುತ್ತಿತ್ತು. ಕೊನೆಗೆ ಏನು ಮಾಡಿದೆ? ಮಾರನೆಯ ದಿನ ಅಂಗಡಿಯಿಂದ ಅದೇ ಗೇಮಿನ ಕ್ರ್ಯಾಕ್ ತಂದು, ದುಡ್ಡು ಕೊಟ್ಟು ತಗೊಂಡ ಗೇಮಿನ ಮೇಲೆ ಹಾಕಿದೆ. ಒಂದೇ ಏಟಿಗೆ ಓಡಿತು.

ಆಗಿನ ಡಿಸ್ಕ್ ಬೀಗಗಳ ಒಳಗುಟ್ಟು ಆಮೇಲೆ ತಿಳಿಯಿತು. ಡಿಸ್ಕ್ ಅಚ್ಚು ಹಾಕುವಾಗಲೇ ಕೆಲವು ಕಡೆ ಬೇಕಂತಲೇ ತಪ್ಪು ಬಿಡುತ್ತಿದ್ದರು. ಮನೆಯ ಸಿಡಿ ರೈಟರಿನಲ್ಲಿ ಕಾಪಿ ಮಾಡಿದರೆ ಆ ತಪ್ಪುಗಳು ಇದ್ದ ಹಾಗೇ ಇಳಿಯುತ್ತಿರಲಿಲ್ಲ. ಗೇಮ್ ಶುರುವಾಗುವಾಗ ಆ ತಪ್ಪುಗಳನ್ನೇ ಹುಡುಕುತ್ತಿತ್ತು. ತಪ್ಪು ಸಿಕ್ಕರೆ ಒರಿಜಿನಲ್, ಎಲ್ಲ ಸರಿಯಿದ್ದರೆ ಡೂಪ್ಲಿಕೇಟ್. ತಮಾಷೆ ಅಲ್ವಾ? ನನ್ನ ಧೂಳು ಕುಡಿದ ಡ್ರೈವಿಗೆ ಆ ತಪ್ಪನ್ನು ತಪ್ಪಾಗಿ ಓದುವ ಶಕ್ತಿಯೂ ಇರಲಿಲ್ಲ. ಐವತ್ತು ರೂಪಾಯಿಯ ಗಿರಾಕಿಗೆ ಈ ಪರೀಕ್ಷೆಯೇ ಇಲ್ಲ. ಪರೀಕ್ಷೆ ಇದ್ದದ್ದು 999 ಕೊಟ್ಟ ನನಗೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದು ನನ್ನೊಬ್ಬನ ಗೋಳಲ್ಲ. ಸೇಫ್‌ಡಿಸ್ಕ್ ಅನ್ನುವ ಬೀಗ ಒಂದು ಕಾಲದಲ್ಲಿ ಎಷ್ಟೋ ಗೇಮ್‌ಗಳಲ್ಲಿ ಇರುತ್ತಿತ್ತು. ಅದನ್ನು ಓಡಿಸುವ ಚಿಕ್ಕ ಪ್ರೋಗ್ರಾಮ್, ಅಂದರೆ ಡ್ರೈವರ್, ವಿಂಡೋಸಿನ ಜೊತೆಗೇ ಬರುತ್ತಿತ್ತು. ಆ ಡ್ರೈವರಿನಲ್ಲೇ ಭದ್ರತೆಯ ತೂತು ಸಿಕ್ಕಿ 2007ರಲ್ಲಿ ಮೈಕ್ರೋಸಾಫ್ಟ್ ಪ್ಯಾಚ್ ಬಿಡಬೇಕಾಯಿತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಪೂರ್ತಿ ಕೈಬಿಟ್ಟರು. ಅಂದರೆ ದುಡ್ಡು ಕೊಟ್ಟು, ಡಬ್ಬ ಸಮೇತ ಜೋಪಾನ ಮಾಡಿದವರ ಡಿಸ್ಕ್ ಸುಮ್ನೆ ತಟ್ಟೆಯಾಯಿತು. ಕ್ರ್ಯಾಕ್ ಹಾಕಿಕೊಂಡವರ ಆಟಕ್ಕೆ ಆ ಡ್ರೈವರ್ ಬೇಕೇ ಇರಲಿಲ್ಲ.

ಸ್ಪೋರ್ ಅಂತ ಒಂದು ಗೇಮ್ 2008ರಲ್ಲಿ ಬಂತು. ದೊಡ್ಡ ಗೇಮ್, ವರ್ಷಗಟ್ಟಲೆ ಜನ ಕಾದಿದ್ದರು. ತಗೊಂಡವರು ಮೂರು ಕಂಪ್ಯೂಟರಿನಲ್ಲಿ ಮಾತ್ರ ಹಾಕಿಕೊಳ್ಳಬಹುದು ಅಂತ ಷರತ್ತು ಇಟ್ಟರು. ಅಮೆಜಾನ್‌ನಲ್ಲಿ ಜನ ಸಿಟ್ಟಿಗೆದ್ದು ಸಾವಿರಗಟ್ಟಲೆ ಒಂದೊಂದೇ ಸ್ಟಾರ್ ಕೊಟ್ಟರು. ಆ ವರ್ಷ ಟೊರೆಂಟಿನಲ್ಲಿ, ಅಂದರೆ ಜನ ಫೈಲ್‌ಗಳನ್ನು ಪುಕ್ಕಟೆ ಹಂಚಿಕೊಳ್ಳುವ ಜಾಲದಲ್ಲಿ, ಅತಿ ಹೆಚ್ಚು ಇಳಿದ ಗೇಮ್ ಅದೇ, ಸುಮಾರು 17 ಲಕ್ಷ ಸಲ ಅಂತ ಟೊರೆಂಟ್‌ಫ್ರೀಕ್ ಜಾಲತಾಣ ಲೆಕ್ಕ ಕೊಟ್ಟಿತ್ತು. ಕೊನೆಗೆ ಮೂರನ್ನು ಐದು ಮಾಡಿದರು.

ಇಷ್ಟು ಓದಿ, ಹಾಗಾದರೆ ಬೀಗ ಅನ್ನುವುದೇ ದಂಡ ಅಂದುಕೊಳ್ಳಬೇಡಿ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ, ಎಲ್ಲರ ಹತ್ತಿರ ವಾದ ಮಾಡುತ್ತಿದ್ದೆ. ಅದು ಪೂರ್ತಿ ನಿಜವಲ್ಲ.

ಮಂಡ್ಯದ ಕಡೆಯವರಿಗೆ ಕಬ್ಬಿನ ಟ್ರ್ಯಾಕ್ಟರ್ ಗೊತ್ತು. ಗದ್ದೆಯಿಂದ ಫ್ಯಾಕ್ಟರಿಗೆ ಹೋಗುವಾಗ ಹಂಪ್ ಬಂದ ಕಡೆ ನಿಧಾನ ಆಗುತ್ತದೆ. ಅಲ್ಲೇ ಹುಡುಗರು ಕಾಯುತ್ತಿರುತ್ತಾರೆ. ಹಿಂದಿನಿಂದ ಓಡಿಬಂದು ಒಂದು ಜಲ್ಲೆ ಎಳೆಯುತ್ತಾರೆ. ನಾನೂ ಎಳೆದಿದ್ದೇನೆ, ಅಂಗೈ ಸೀಳಿಕೊಂಡಿದ್ದೇನೆ. ರೈತನಿಗೆ ದುಡ್ಡು ಸಿಗುವುದು ಫ್ಯಾಕ್ಟರಿಯಲ್ಲಿ ಆಗುವ ತೂಕದ ಮೇಲೆ. ಹಾಗಾಗಿ ತೂಕ ಆಗುವ ತನಕ ಹೋದ ಜಲ್ಲೆ ಅವನ ಲೆಕ್ಕದಿಂದ ಹೋಗುತ್ತದೆ. ತೂಕ ಆದ ಮೇಲೆ ಯಾರು ಎಷ್ಟು ಎಳೆದರೂ ಅವನಿಗೇನು? ಅದಕ್ಕೇ ಕೆಲವರು ಲೋಡಿನ ಮೇಲೆ ಕೋಲು ಕೊಟ್ಟು ಒಬ್ಬನನ್ನು ಕೂರಿಸುತ್ತಾರೆ. ಅವನು ಕಾಯಬೇಕಾದ್ದು ಆ ನಾಲ್ಕು ಹಂಪ್‌ಗಳಲ್ಲಿ ಮಾತ್ರ.

ಈಗಿನ ಡೆನುವೊ ಅನ್ನುವ ಬೀಗ ಆ ಕೋಲಿನವನು. ಆಸ್ಟ್ರಿಯಾದ ಕಂಪನಿ, 2014ರಲ್ಲಿ ಫೀಫಾ 15 ಗೇಮಿನ ಹೊತ್ತಿಗೆ ಹೆಸರಾಯಿತು. ಇದನ್ನು ಯಾರೂ ಒಡೆಯುವುದೇ ಇಲ್ಲ ಅಂತ ಅದರ ಉದ್ದೇಶ ಅಲ್ಲ. ಮೊದಲ ಕೆಲವು ವಾರ ಒಡೆಯದಿದ್ದರೆ ಸಾಕು. ದೊಡ್ಡ ಗೇಮಿನ ವ್ಯಾಪಾರದ ಬಹುಪಾಲು ಆಗುವುದು ಆಗಲೇ. ಡೆನುವೊ ಇದ್ದ 86 ಗೇಮ್‌ಗಳ ಲೆಕ್ಕ ಹಾಕಿದ ಒಂದು ಅಧ್ಯಯನ 2024ರಲ್ಲಿ ಎಂಟರ್‌ಟೈನ್‌ಮೆಂಟ್ ಕಂಪ್ಯೂಟಿಂಗ್ ಅನ್ನುವ ಪತ್ರಿಕೆಯಲ್ಲಿ ಬಂತು. ಮೊದಲ ವಾರದಲ್ಲೇ ಕ್ರ್ಯಾಕ್ ಆದರೆ ಆದಾಯದಲ್ಲಿ ಸುಮಾರು ಶೇ. 20 ಹೋಗುತ್ತದೆ, 12 ವಾರ ಆದ ಮೇಲೆ ಕ್ರ್ಯಾಕ್ ಆದರೆ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ ಅಂತ ಅದರ ಸಾರ. ನೂರಾರು ಕೋಟಿ ಸುರಿದವರಿಗೆ ಶೇ. 20 ಅಂದರೆ ಹುಡುಗಾಟವಲ್ಲ. ಅವರು ಹಾಕಿಕೊಂಡರೆ ನನ್ನ ತಕರಾರಿಲ್ಲ. ತೂಕ ಆದ ಮೇಲೂ ಕೋಲಿನವನನ್ನು ಕೆಳಗಿಳಿಸದಿದ್ದರೆ ಮಾತ್ರ ತಕರಾರು. 2021ರಲ್ಲಿ ರೆಸಿಡೆಂಟ್ ಈವಿಲ್ ವಿಲೇಜ್ ಗೇಮಿನ ಕ್ರ್ಯಾಕ್ ಆದ ಕಾಪಿ ಒರಿಜಿನಲ್‌ಗಿಂತ ಸಲೀಸಾಗಿ ಓಡುತ್ತದೆ ಅಂತ, ಗೇಮ್‌ಗಳ ಓಟ ಪರೀಕ್ಷಿಸುವ ಡಿಜಿಟಲ್ ಫೌಂಡ್ರಿಯವರು ಅಳೆದು ತೋರಿಸಿದರು. ಆಮೇಲೆ ಗೇಮ್ ಮಾಡಿದ ಕ್ಯಾಪ್‌ಕಾಮ್ ಕಂಪನಿ ಪ್ಯಾಚ್ ಬಿಟ್ಟು ಸರಿಮಾಡಿತು.

ಸದಾ ಇಂಟರ್ನೆಟ್ ಇರಲೇಬೇಕು ಅನ್ನುವ ಬೀಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2013ರಲ್ಲಿ ಸಿಮ್‌ಸಿಟಿ ಬಿಡುಗಡೆಯಾದಾಗ ಸರ್ವರ್ ಮುಗ್ಗರಿಸಿ, ತಗೊಂಡವರು ದಿನಗಟ್ಟಲೆ ಒಳಗೇ ಹೋಗಲಾಗದೆ ಕೂತಿದ್ದರು. ಇಂಟರ್ನೆಟ್ ಇಲ್ಲದೆ ಆಡಲು ಬಿಟ್ಟಿದ್ದು ಒಂದು ವರ್ಷ ಆದ ಮೇಲೆ. ನಮ್ಮ ಕಡೆ ಮಳೆಗಾಲದಲ್ಲಿ ಗೇಮ್ ಆಡುವವರಿಗೆ ಇದು ಬೇರೆ ಬಿಡಿಸಿ ಹೇಳಬೇಕಾ?

ಈಗ ನನ್ನ ಕಥೆಯ ಎರಡನೇ ಭಾಗ. ಕೆಲವು ವರ್ಷದ ಹಿಂದೆ ಕುವೆಂಪುನಗರದ ಒಂದು ಬಾಡಿಗೆ ರೂಮಿನಲ್ಲಿ ನಾನು, ಇನ್ನಿಬ್ಬರು ಸೇರಿ ಒಂದು ಪಜಲ್ ಗೇಮ್ ಮಾಡಿದೆವು. ಹಗಲು ಬೇರೆ ಕೆಲಸ, ರಾತ್ರಿ ಇದು. ಎರಡು ವರ್ಷ ಹಿಡಿಯಿತು. ಸ್ಟೀಮ್‌ಗೆ 100 ಡಾಲರ್ ಕಟ್ಟಿ ಹಾಕಿದೆವು. ಮಾರಿದ್ದರಲ್ಲಿ ಶೇ. 30 ಅವರಿಗೆ. ಸ್ಟೀಮ್‌ನಲ್ಲೇ ಒಂದು ಚಿಕ್ಕ ಬೀಗ ಪುಕ್ಕಟೆ ಸಿಗುತ್ತದೆ. ಬರೀ ಇದನ್ನು ನಂಬಿ ಪೈರಸಿ ತಡೆಯಲಾಗದು ಅಂತ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ ಡೆವಲಪರ್‌ಗಳಿಗೆ ಬರೆದ ವಿವರಣೆಯಲ್ಲಿ ಹೇಳಿದೆ. ನಾವು ಅದನ್ನೂ ಹಾಕಲಿಲ್ಲ. ನಾನು ಬೇಡ ಅಂದಿದ್ದೆ. ಹಳೆಯ 999ರ ಸಿಟ್ಟು.

ಮೂರನೇ ದಿನ ಟೊರೆಂಟಿನಲ್ಲಿ ನಮ್ಮ ಗೇಮ್ ಇತ್ತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಅಂಗಡಿಯಲ್ಲಿ ಯೆಸ್ ಒತ್ತುತ್ತಿದ್ದ ಕೈ ನನ್ನದೇ ಅಂತ ಗೊತ್ತಿದ್ದರೂ ಉರಿಯಿತು. ಆ ರಾತ್ರಿ ಬಲ್ಲಾಳ್ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ಜೊತೆಗಾರ ಒಂದು ಲೆಕ್ಕ ಶುರುಮಾಡಿದ: ಇಷ್ಟು ಡೌನ್‌ಲೋಡ್, ಇಂಟು ನಮ್ಮ ರೇಟು, ಇಷ್ಟು ನಷ್ಟ. ಆ ಲೆಕ್ಕವನ್ನು ಮಾತ್ರ ನೀವು ಹಾಕಬೇಡಿ. ಐವತ್ತು ರೂಪಾಯಿಗೆ ಮೂರು ಗೇಮ್ ಹಾಕಿಸಿಕೊಂಡ ಆ ಎಕ್ಸ್‌ಎಲ್ ಅಣ್ಣ, ಕ್ರ್ಯಾಕ್ ಸಿಗದಿದ್ದರೆ 2,997 ರೂಪಾಯಿ ಕೊಡುತ್ತಿದ್ದನಾ? ಮಗನಿಗೆ ಎರಡು ಏಟು ಕೊಟ್ಟು ಮನೆಗೆ ಕರೆದುಕೊಂಡು ಹೋಗುತ್ತಿದ್ದ.

ನಮಗಿಂತ ಕೆಟ್ಟ ಲೆಕ್ಕ ನೋಡಿದವರಿದ್ದಾರೆ. ಗೇಮ್ ಡೆವ್ ಟೈಕೂನ್ ಅಂತ 2013ರಲ್ಲಿ ಬಂದ ಗೇಮ್. ಗೇಮ್ ಕಂಪನಿ ನಡೆಸುವುದೇ ಅದರ ಆಟ. ಮಾಡಿದವರು ಇಬ್ಬರು ಅಣ್ಣತಮ್ಮಂದಿರು. ಬಿಡುಗಡೆಯ ದಿನ ಅವರೇ ಒಂದು ಕ್ರ್ಯಾಕ್ ಕಾಪಿಯನ್ನು ಟೊರೆಂಟಿಗೆ ಹಾಕಿದರು. ಆ ಕಾಪಿಯಲ್ಲಿ ಮಾತ್ರ, ನೀವು ಎಷ್ಟೇ ಚೆನ್ನಾಗಿ ಆಡಿದರೂ ನಿಮ್ಮ ಗೇಮನ್ನು ಜನ ಕದ್ದು ಆಡಿ ನಿಮ್ಮ ಕಂಪನಿ ಮುಳುಗುತ್ತದೆ. ಮೊದಲ ದಿನ ದುಡ್ಡು ಕೊಟ್ಟವರು 214 ಜನ, ಕದ್ದವರು 3,104. ಕದ್ದು ಆಡುತ್ತಿದ್ದವರು, ಛೆ, ಜನ ಹೀಗೆ ಕದ್ದರೆ ನಾವು ಬದುಕುವುದು ಹೇಗೆ ಅಂತ ಗೋಳಾಡಿದರಂತೆ! ಈ ಕಥೆಯೇ ಊರೆಲ್ಲಾ ಸುದ್ದಿಯಾಗಿ ಗೇಮ್ ಮಾರಾಟವಾಯಿತು. ನೀವು ಈಗ ಅದನ್ನೇ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಬೇರೆ ಮಾತು.

ನಾನು ಕದಿಯುವುದನ್ನು ಬಿಟ್ಟದ್ದು ಯಾವ ಬೀಗಕ್ಕೂ ಹೆದರಿ ಅಲ್ಲ. ಕಾನೂನಿಗೂ ಅಲ್ಲ. 2012ರ ತಿದ್ದುಪಡಿಯಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ 65ಎ ಅನ್ನುವ ಕಲಂ ಬಂತು. ಕದಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದ ತನಕ ಜೈಲು. ಅದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಬಿಟ್ಟಾಗಿತ್ತು. ಬಿಡಿಸಿದ್ದು ರೇಟು. ಸ್ಟೀಮ್ 2015ರ ಕೊನೆಯಲ್ಲಿ ರೂಪಾಯಿ ಲೆಕ್ಕಕ್ಕೆ ಬಂತು. ಅಲ್ಲಿಯ ತನಕ ಡಾಲರ್, ಅದಕ್ಕೊಂದು ಕ್ರೆಡಿಟ್ ಕಾರ್ಡ್, ನಮ್ಮಂಥವರ ಹತ್ತಿರ ಎಲ್ಲಿತ್ತು? ಈಗ ಸೇಲ್ ಇದ್ದಾಗ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡಿಗೆ ಗೇಮ್ ಬರುತ್ತದೆ. ಯುಪಿಐ ಒತ್ತಿದರೆ ಆಯಿತು. ಟೊರೆಂಟಿನಲ್ಲಿ ವೈರಸ್ ಇದೆಯಾ ಅಂತ ಹೆದರುತ್ತಾ ಕೂರುವುದಕ್ಕಿಂತ ಇದೇ ಸುಲಭ. ಪೋಲೆಂಡಿನ ಜಿಒಜಿ ಅನ್ನುವ ಮಳಿಗೆ 2008ರಿಂದ ಬೀಗವೇ ಇಲ್ಲದ ಗೇಮ್ ಮಾರುತ್ತಿದೆ. ದಿ ವಿಚರ್ 3 ಬಿಡುಗಡೆಯ ದಿನದಿಂದಲೇ ಅಲ್ಲಿ ಬೀಗವಿಲ್ಲದೆ ಸಿಗುತ್ತಿತ್ತು. ಎಲ್ಲ ಕಡೆ ಸೇರಿ ಅದರ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ನಮ್ಮ ಗೇಮ್ ಅಷ್ಟೇನೂ ಓಡಲಿಲ್ಲ. ಆದರೆ ಮುಳುಗಿಸಿದ್ದು ಟೊರೆಂಟ್ ಅಲ್ಲ. ಮೊದಲನೆಯದು, ಅಂಥದ್ದೊಂದು ಗೇಮ್ ಇದೆ ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ಎರಡನೆಯದು ರೀಫಂಡ್. ಸ್ಟೀಮ್‌ನಲ್ಲಿ ತಗೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ನಮ್ಮಲ್ಲಿ ವಾಪಸ್ ಕೇಳಿದವರಲ್ಲಿ ಸುಮಾರು ಅರ್ಧ ಜನ ಒಂದೇ ಕಾರಣ ಬರೆದಿದ್ದರು: ಆಡಿದ್ದೆಲ್ಲಾ ಅಳಿಸಿಹೋಯಿತು. ವಿಚಿತ್ರ ಅಂದರೆ, ಇದನ್ನು ನಮಗೆ ಮೊದಲು ವಿವರವಾಗಿ ಬರೆದು ತಿಳಿಸಿದವನು ಕದ್ದ ಕಾಪಿ ಆಡುತ್ತಿದ್ದವನು. ಅವನು ಹೇಳಿದ ವರ್ಷನ್ ನಂಬರ್ ನೋಡಿ ಗೊತ್ತಾಯಿತು, ಟೊರೆಂಟಿನಲ್ಲಿದ್ದದ್ದು ಅದೇ ಹಳೆಯದು. ಎಲ್ಲಿಂದ ತಗೊಂಡ್ರಿ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಹಾಗಾಗಿ ಸೀರಿಯಲ್ ಕೀ ಬರೆಯುತ್ತೇನೆ ಅನ್ನುವ ನಿಮ್ಮ ಗೆಳೆಯರಿಗೆ ಇಷ್ಟು ಹೇಳಿ. ಅವರು ಎರಡು ವಾರ ಕೂತು ಬರೆದ ಬೀಗವನ್ನು ಬಿಚ್ಚಲು ಗೊತ್ತಿದ್ದವರಿಗೆ ಒಂದು ಸಂಜೆ ಸಾಕು. ಕೀ ಕಳೆದುಕೊಂಡೆ, ಹೊಸ ಲ್ಯಾಪ್‌ಟಾಪ್ ತಗೊಂಡೆ ಅಂತ ಬರುವ ಮೇಲ್‌ಗೆಲ್ಲಾ ಉತ್ತರ ಬರೆಯುತ್ತಾ ಕೂರುವವರು ನೀವೇ. ಸ್ಟೀಮಿನ ಪುಕ್ಕಟೆ ಬೀಗ ಬೇಕಿದ್ದರೆ ಹಾಕಿಕೊಳ್ಳಿ, ಅದರಿಂದ ತೊಂದರೆಯೂ ಕಡಿಮೆ, ಲಾಭವೂ ಕಡಿಮೆ. ಆ ಎರಡು ವಾರ ಅವರನ್ನು, ಆಡಿದ್ದನ್ನು ಉಳಿಸಿಡುವ ಸೇವ್ ಫೈಲಿನ ಮೇಲೆ ಕೂರಿಸಿ. ಗೇಮ್ ಸೇವ್ ಆಗುತ್ತಿರುವಾಗಲೇ ಪ್ಲಗ್ ಕಿತ್ತು ನೋಡಲಿ. ಒಂದು ಸಲ ಅಲ್ಲ, ಐವತ್ತು ಸಲ. ಹಳೆಯ ಫೈಲಿನ ಮೇಲೆ ನೇರ ಬರೆಯದೆ, ಹೊಸ ಹೆಸರಲ್ಲಿ ಬರೆದು, ಪೂರ್ತಿ ಆದ ಮೇಲೆ ಹೆಸರು ಬದಲಿಸಿದರೆ ಸಾಕು. ನಮ್ಮ ಗೇಮಿಗೆ ಆಮೇಲೆ ಹಾಕಿದ್ದು ಅದೇ, ಹನ್ನೊಂದು ಸಾಲಿನ ಕೋಡ್.