‘ಅವರಿಗೆ ಏನೂ ನೆನಪಿರಲ್ಲ ಬಿಡಿ ಮೇಡಂ’

(ಹೆಸರು, ಬಡಾವಣೆ, ಮನೆಯವರ ವಿವರ ಬದಲಿಸಿದ್ದೇನೆ. ಬರೆಯಲು ಅವರೂ ಮನೆಯವರೂ ಒಪ್ಪಿದ್ದಾರೆ.)

ಶಿವಣ್ಣನವರಿಗೆ 71 ವರ್ಷ. ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಮನೆ ದಾಸರಹಳ್ಳಿ ಕಡೆ. ಆಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ, ಇನ್ನೂ ಆರಂಭದ ಹಂತ ಅಂತ ನರರೋಗ ತಜ್ಞರು ಹೇಳಿ ಮಾತ್ರೆ ಕೊಟ್ಟಿದ್ದರು. ಥೈರಾಯ್ಡ್, ಬಿ12 ಪರೀಕ್ಷೆಯೂ ಆಗಿತ್ತು. ಮಗ, ಮಾತಿನ ಚಿಕಿತ್ಸೆ ಮಾಡುವ ನನಗೆ ಫೋನ್ ಮಾಡಿದ್ದು ಮರೆವಿನ ವಿಷಯಕ್ಕಲ್ಲ. ‘ಅಪ್ಪ ಹೊಸಿಲು ದಾಟಲ್ಲ. ಊಟ ಸೇರಲ್ಲ. ಸುಮ್ನೆ ಗೋಡೆ ನೋಡ್ತಾ ಕೂತಿರ್ತಾರೆ’ ಅಂದರು.

ಒಂದು ಸಂಜೆ ಕೊತ್ತಂಬರಿ ಸೊಪ್ಪು ತರಲು ಹೋದವರಿಗೆ ತಮ್ಮದೇ ಕ್ರಾಸ್ ಸಿಕ್ಕಿರಲಿಲ್ಲ. ಯಾರೋ ಆಟೋದವರು ಮನೆಗೆ ಬಿಟ್ಟರು. ಅಂದಿನಿಂದ ಗೇಟಿಗೆ ಬೀಗ.

ಜಯನಗರದ ನನ್ನ ಕ್ಲಿನಿಕ್ಕಿಗೆ ಬಂದು ಸೇರುವಷ್ಟರಲ್ಲಿ ಅವರು ಸುಸ್ತಾಗಿ, ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೇ ಆಗುತ್ತಿತ್ತು. ಅದಕ್ಕೇ ವಿಡಿಯೋ ಕರೆ.

ಡಿಮೆನ್ಷಿಯಾ (ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಗಳು) ಇರುವವರಲ್ಲಿ ಖಿನ್ನತೆ, ಆತಂಕ ಸಾಮಾನ್ಯ. ಮರೆವು ಬಂದವರ ಜೊತೆ ಏನು ಮಾತಾಡೋದು ಅಂತ ಅದನ್ನು ಹಾಗೇ ಬಿಟ್ಟುಬಿಡುವವರೇ ಜಾಸ್ತಿ. ಸಿಬಿಟಿ (ಯೋಚನೆ, ನಡವಳಿಕೆಯ ಜಾಡು ಬದಲಿಸುವ) ಮಾದರಿಯ ಮಾತಿನ ಚಿಕಿತ್ಸೆ ಇವರ ಖಿನ್ನತೆಯನ್ನು ಸ್ವಲ್ಪ ತಗ್ಗಿಸಬಹುದು ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಹೇಳಿತು. ನೆನಪು ವಾಪಸ್ ಬರಲ್ಲ. ಮಗನಿಗೆ ಇದನ್ನು ಮೊದಲೇ ಹೇಳಿದೆ.

ಮೊದಲ ಕರೆಯಲ್ಲಿ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದು ಹೆಂಡತಿ ಗಿರಿಜಮ್ಮ. ತಿಂಡಿ ಏನು ತಿಂದ್ರಿ ಅಂದರೂ ಅವರೇ. ‘ಅವರಿಗೆ ಏನೂ ನೆನಪಿರಲ್ಲ ಬಿಡಿ ಮೇಡಂ.’ ಶಿವಣ್ಣನವರು ಪರದೆಯ ಮೂಲೆಯಲ್ಲಿ ತಮ್ಮದೇ ಮುಖ ನೋಡಿ ‘ಇವರ್ಯಾರು?’ ಅಂತ ಗಾಬರಿಯಾದರು.

ಆಮೇಲೆ ಕೆಲವು ಬದಲಾವಣೆ ಮಾಡಿದೆವು. ಅವರ ಮುಖ ಅವರಿಗೆ ಕಾಣದ ಹಾಗೆ ಸೆಟ್ಟಿಂಗ್ ಬದಲಿಸಿದೆವು. ಫೋನಿನ ಬದಲು ಟ್ಯಾಬ್. ಬೆಳಿಗ್ಗೆ ತಿಂಡಿ ಆದ ಮೇಲೆ, ಅರ್ಧ ಗಂಟೆ ಮಾತ್ರ. ಸಂಜೆಯಾದರೆ ಅವರಿಗೆ ಗಲಿಬಿಲಿ ಹೆಚ್ಚು. ಟಿವಿ, ಮಿಕ್ಸಿ ಬಂದ್. ಪ್ರತಿ ಸಲ ನಾನು ಯಾರು, ಯಾಕೆ ಮಾತಾಡುತ್ತಿದ್ದೇವೆ ಅಂತ ಮೊದಲು ಹೇಳುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆಮೇಲೆ ಕಾಯುವುದು. ಜೊತೆಗೆ ಯಾರು ಇರಬೇಕು ಅಂತ ಅವರನ್ನೇ ಕೇಳಿದೆ. ‘ಅವಳು ಅಡುಗೆಮನೇಲಿ ಇರ್ಲಿ, ಕೂಗಿದ್ರೆ ಬರ್ಲಿ’ ಅಂದರು.

ಗಿರಿಜಮ್ಮ ಎದ್ದು ಹೋದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ‘ನೋಡಮ್ಮಾ, ಊರಿಗೆಲ್ಲ ಸ್ಟಾಪ್ ಹೇಳ್ತಿದ್ದವನು ನಾನು. ನನ್ನ ಮನೆ ಸ್ಟಾಪೇ ಗೊತ್ತಾಗ್ಲಿಲ್ಲ. ಇದ್ದೇನು ಪ್ರಯೋಜನ?’ ಅಂದರು. ಇಂಥ ಮಾತು ಬಂದರೆ ಹಾರಿಸಿಕೊಂಡು ಹೋಗಬಾರದು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ, ನಾಚಿಕೆ ಅಷ್ಟೇ ಅಂದರು. ಆನ್‌ಲೈನ್‌ನಲ್ಲಿ ಮಾತಾಡುವಾಗ ಮನೆ ವಿಳಾಸ, ಹತ್ತಿರ ಇರುವವರ ನಂಬರು ಮೊದಲೇ ಬರೆದಿಟ್ಟುಕೊಳ್ಳುವುದು ಇಂಥ ಹೊತ್ತಿಗೇ.

ದಾರಿ ತಪ್ಪುವ ಭಯಕ್ಕೆ ಹೊರಗೆ ಹೋಗಲ್ಲ. ಹೋಗದಿದ್ದರೆ ಮನಸ್ಸು ಕುಗ್ಗುತ್ತದೆ. ಕುಗ್ಗಿದಷ್ಟೂ ತಾನು ಕೆಲಸಕ್ಕೆ ಬಾರದವನು ಅನ್ನಿಸುತ್ತದೆ. ಇದನ್ನು ಮೂರು ಸಾಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಫ್ರಿಜ್ಜಿನ ಮೇಲೆ ಅಂಟಿಸಿದೆವು. ಅವರ ಹಳೇ ಟಿಕೆಟ್ ಬ್ಯಾಗ್ ಅಟ್ಟದಿಂದ ಇಳಿಯಿತು. ಬಾಯಿಯ ಹತ್ತಿರ ಚರ್ಮ ಸವೆದು ನುಣುಪಾಗಿದ್ದ ಬ್ಯಾಗು. ಅದರೊಳಗೆ ವಿಳಾಸದ ಚೀಟಿ, ಮಗನ ನಂಬರು, ಚಿಲ್ಲರೆ. ಅದನ್ನು ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದರು. ಬೆಳಿಗ್ಗೆ ನಂದಿನಿ ಬೂತ್‌ವರೆಗೆ ಹೋಗಿ ಹಾಲು ತರುವುದು ಅವರ ಕೆಲಸ. ಗಿರಿಜಮ್ಮ ಸ್ವಲ್ಪ ಹಿಂದೆ. ಎರಡನೇ ವಾರ ಒಂದು ತಿರುವಲ್ಲಿ ನಿಂತುಬಿಟ್ಟರಂತೆ. ಬ್ಯಾಗಿಗೆ ಕೈ ಹಾಕಿ ಚೀಟಿ ತೆಗೆದು, ಇಸ್ತ್ರಿ ಅಂಗಡಿಯವನಿಗೆ ತೋರಿಸಿ ಕೇಳಿದರಂತೆ. ಮುಂದಿನ ಕರೆಯಲ್ಲಿ ಅವರಿಗೆ ಅದು ನೆನಪಿರಲಿಲ್ಲ. ಆದರೆ ಮುಖದಲ್ಲಿ ಹಳೇ ಭಯ ಇರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಗಿರಿಜಮ್ಮನವರಿಗೆ ಹೇಳಿದ್ದು ಬೇರೆ. ‘ನೆನಪಿದ್ಯಾ?’ ಅಂತ ಪರೀಕ್ಷೆ ಮಾಡಬೇಡಿ. ಅವರು ತಡವರಿಸಿದಾಗ ನಡುವೆ ಬಾಯಿ ಹಾಕಬೇಡಿ. ಒಂದೆರಡು ದಿನದಲ್ಲಿ ದಿಢೀರ್ ಗೊಂದಲ ಜಾಸ್ತಿಯಾದರೆ ನನಗೆ ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ. ನಿಮಗೇ ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈಗ ತಿಂಗಳಿಗೊಮ್ಮೆ ಮಾತಾಡುತ್ತೇವೆ. ಮಾರ್ಕೆಟ್ಟಿಗೆ ಒಬ್ಬರೇ ಹೋಗುವುದು ಆಗಲ್ಲ, ಅದರ ಪ್ರಯತ್ನವನ್ನೂ ಮಾಡಿಸಿಲ್ಲ. ಹೋದ ಸಲ ದುಡ್ಡುಕಾಸಿನ ಮಾತು ತೆಗೆದೆ. ಮುಂದೆ ನೀವೇ ತೀರ್ಮಾನ ಮಾಡೋದು ಕಷ್ಟವಾದರೆ ಯಾರು ನೋಡಿಕೊಳ್ಳಬೇಕು ಅಂತ ಕೇಳಿದೆ. ಮಗಳ ಹೆಸರು ಹೇಳಿದರು. ಮೂರು ಬೇರೆ ಬೇರೆ ದಿನ ಕೇಳಿದಾಗಲೂ ಅದೇ ಹೆಸರು. ನೋಡಿಕೊಳ್ಳುತ್ತಿರುವ ಮಗನಿಗೆ ಮುಖ ಸಣ್ಣಗಾಯಿತು. ಸಹಜವೇ. ಅಪ್ಪ ಹೇಳುವ ಸ್ಥಿತಿಯಲ್ಲಿ ಇರುವಾಗಲೇ ವಕೀಲರನ್ನು ಕಂಡು ಕಾಗದಪತ್ರ ಮಾಡಿಸಿ ಅಂದೆ. ಬೇಸರದ ಮಾತು ಅಪ್ಪನ ಮುಂದೆ ಬೇಡ, ನನ್ನ ಹತ್ತಿರ ಆಡಿ ಅಂತಲೂ ಹೇಳಿದೆ. ಮಗ ಶನಿವಾರಕ್ಕೆ ಸಮಯ ಕೇಳಿದ್ದಾರೆ, ತಮಗೊಬ್ಬರಿಗೇ.