ಬೇಸ್ ಗಿಟಾರ್‌ಗೆ ಬೀಟೆಯೋ, ಮೇಪಲ್ಲೋ?

ಪ್ರಶ್ನೆ: ಐದು ತಂತಿಯ ಬೇಸ್ ಗಿಟಾರ್ ಮಾಡಿಸುತ್ತಿದ್ದೇನೆ. ಮೈ ಮಹಾಗನಿಯದು. ಮೇಲೆ ಹೊದಿಸಲು ಬೀಟೆ, ಸ್ಪಾಲ್ಟೆಡ್ ಮೇಪಲ್ ಎರಡನ್ನೂ ತೋರಿಸಿದ್ದಾರೆ. ಯಾವುದು ಒಳ್ಳೆಯದು? ನಾದ ಬದಲಾಗುತ್ತಾ?
– ಓದುಗರು, ಮೈಸೂರು

ಉತ್ತರ: ನಾದದ ಚಿಂತೆ ಬಿಡಿ. ಐದಾರು ಮಿಲಿಮೀಟರ್ ದಪ್ಪದ ಹಲಗೆ ಅದು. ನಾದ ಜಾಸ್ತಿ ಬರುವುದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ತಂತಿ, ನಿಮ್ಮ ಬೆರಳಿನಿಂದ. ಕಣ್ಣಿಗೆ ಹಿಡಿಸಿದ್ದನ್ನೇ ಆರಿಸಿ.

ಸ್ಪಾಲ್ಟೆಡ್ ಮರದ ಕಪ್ಪು ಗೆರೆ ಶಿಲೀಂಧ್ರದಿಂದ ಆದದ್ದು. ಚೆಂದ ಹೌದು, ಆದರೆ ಅಲ್ಲಲ್ಲಿ ಮರ ಮೆತ್ತಗಿರುತ್ತೆ. ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ರಾಳ ಕುಡಿಸಿ ಗಟ್ಟಿ ಮಾಡಿಸಲೇಬೇಕು.

ನನ್ನ ಮನಸ್ಸು ಬೀಟೆಯ ಕಡೆಗೇ. ನನ್ನ ಬೇಸ್‌ಗೂ ಅದೇ ಹಾಕಿಸಿದ್ದೇನೆ. ಒಣ ಹಲಗೆ ಮಂಕು ಕಂದು ಬಣ್ಣದ್ದು. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ನೇರಳೆ ಛಾಯೆ, ಕಪ್ಪು ಗೆರೆ ಎಲ್ಲಾ ಎದ್ದು ಬರುತ್ತೆ. ಪಾಲಿಶ್ ಆದ ಮೇಲೆ ಹೆಚ್ಚುಕಡಿಮೆ ಹಾಗೇ ಕಾಣುತ್ತೆ. ಒಂದೇ ತುಂಡನ್ನು ಸೀಳಿ, ಪುಸ್ತಕ ಬಿಡಿಸಿದ ಹಾಗೆ ಜೋಡಿಸಲು ಹೇಳಿ. ಬೀಟೆ ಭಾರ, ಹಾಗಾಗಿ ಹಲಗೆ ತೆಳುವಾಗಿಯೇ ಇರಲಿ. ಗಂಟೆಗಟ್ಟಲೆ ಹೆಗಲಿಗೆ ಹಾಕಿಕೊಂಡು ನುಡಿಸಬೇಕಲ್ವಾ?

ಇನ್ನೊಂದು ಮಾತು. ಕಾಡು ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ 2017ರಿಂದ ಬೀಟೆ ಇದೆ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಲ್ ಇಲ್ಲದ ಬೀಟೆ ಮುಟ್ಟಬೇಡಿ.