ಸುರಿದದ್ದನ್ನೇ ಸುರಿಯುವ ಮಗು

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ, ಮಾಂಟೆಸ್ಸರಿಗೆ ಹೋಗುತ್ತಾಳೆ. ಮೂರು ವಾರದಿಂದ ಜಗ್ಗಿನಿಂದ ಜಗ್ಗಿಗೆ ಕಾಳು ಸುರಿಯುವುದೊಂದೇ ಕೆಲಸ. ಪಕ್ಕದ ಮನೆ ಹುಡುಗ ಆಗಲೇ ಅಆಇಈ ಬರೆಯುತ್ತಾನೆ. ಬೇರೇನಾದರೂ ಕೊಡಿ ಅಂತ ಮೇಡಂಗೆ ಹೇಳಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಈಗಲೇ ಹೇಳಬೇಡಿ. ಸುರಿಯುವಾಗ ಅವಳ ಕಣ್ಣು ಎಲ್ಲಿರುತ್ತದೆ ಗಮನಿಸಿ. ಜಗ್ಗಿನ ಮೂತಿಯ ಮೇಲೇ ನೆಟ್ಟಿದ್ದರೆ ಕಲಿಕೆ ನಡೆದಿದೆ. 1907ರಲ್ಲಿ ರೋಮ್‌ನಲ್ಲಿ ಶುರುವಾದ ‘ಮಕ್ಕಳ ಮನೆ’ ಎಂಬ ಶಾಲೆಯಲ್ಲಿ ಮೂರು ವರ್ಷದ ಮಗುವೊಂದು ಮರದ ಸಿಲಿಂಡರುಗಳನ್ನು ಗುಳಿಗಳಿಂದ ತೆಗೆದು ಮತ್ತೆ ಕೂರಿಸುವುದನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದ್ದನ್ನು ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ಎಣಿಸಿದ್ದರು. ಕಣ್ಣು ಕಿಟಕಿಯತ್ತ, ಕಾಳು ನೆಲದತ್ತ ಇದ್ದರೆ ಮಾತ್ರ ಕೆಲಸ ಬದಲಿಸುವ ಹೊತ್ತು.

ಬದಲಿಸುವುದೂ ಒಂದು ಸಲಕ್ಕೆ ಒಂದನ್ನೇ. ಹೆಸರುಕಾಳಾದ ಮೇಲೆ ಅಕ್ಕಿ, ಆಮೇಲೆ ನೀರು, ಕೊನೆಗೆ ಒಂದು ಜಗ್ಗಿನಿಂದ ಎರಡು ಲೋಟಕ್ಕೆ ಸಮನಾಗಿ. ರಾಗಿ ಮೊದಲೇ ಬೇಡ, ಚೆಲ್ಲಿದರೆ ಆ ಬೆರಳಿಗೆ ಆಯಲು ಬರುವುದಿಲ್ಲ. ಮನೆಯಲ್ಲಿ ಮಾಡಿಸುವುದಾದರೆ ಮೂತಿಯಿರುವ, ಒಂದೇ ಅಳತೆಯ, ಸುಮಾರು 200 ಮಿ.ಲೀ. ಹಿಡಿಯುವ ಎರಡು ಪುಟ್ಟ ಗಾಜಿನ ಜಗ್ಗು ಸಾಕು. ಸ್ಟೀಲಿನಲ್ಲಿ ಮಟ್ಟ ಹೊರಗಿನಿಂದ ಕಾಣದೆ ಉಕ್ಕಿಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅಂಚಿರುವ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಅವಳ ಅಂಗೈಯಷ್ಟು ಬಟ್ಟೆಯ ತುಂಡು ಇಡಿ. ಒಮ್ಮೆ ನೀವು ನಿಧಾನವಾಗಿ, ಮಾತಿಲ್ಲದೆ ಮಾಡಿ ತೋರಿಸಿ. ಬಾಯಿ ಆಡಿದರೆ ಮಗು ಕೈ ಬಿಟ್ಟು ಮುಖ ನೋಡುತ್ತದೆ. ಚೆಲ್ಲಿದರೆ ‘ಅಯ್ಯೋ’ ಅನ್ನಬೇಡಿ. ಚೆಲ್ಲಿದ ಕಾಳೇ ತಪ್ಪನ್ನು ತೋರಿಸಿಕೊಡುತ್ತದೆ, ನೀವು ಆಯುವುದನ್ನು ತೋರಿಸಿದರಾಯಿತು. ಕಾಳು ಮೂಗಿಗೆ, ಬಾಯಿಗೆ ಹೋಗಬಹುದು. ಹತ್ತಿರ ಕೂತಿರಿ, ತಂಗಿ-ತಮ್ಮಂದಿರಿದ್ದರೆ ಇನ್ನೂ ಎಚ್ಚರ.

ಆ ಹುಡುಗನ ಬರಹ? ಮಣಿಕಟ್ಟು ಗಟ್ಟಿಯಾಗುವ ಮೊದಲೇ ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುವ ಚಾಳಿ ಬೀಳಬಹುದು, ಬಿಡಿಸುವುದು ಕಷ್ಟ. ನಿಮ್ಮವಳು ಸುರಿಯುತ್ತಲೇ ಅದೇ ಮಣಿಕಟ್ಟನ್ನು ಪಳಗಿಸುತ್ತಿದ್ದಾಳೆ.

ಪ್ರಶ್ನೆ: ಮಗನಿಗೆ ನಾಲ್ಕೂವರೆ. ಅವನಾಗಿಯೇ ಅಕ್ಷರ ಕೇಳುತ್ತಾನೆ. ‘ಅ ಆ ಇ ಈ’ಯಿಂದಲೇ ಶುರು ಮಾಡಬೇಕೇ?
– ಒಬ್ಬ ತಂದೆ, ಶಿರಸಿ

ಉತ್ತರ: ಬೇಕಿಲ್ಲ. ‘ಅ’, ‘ಆ’ ಒಂದೇ ದಿನ ಕೊಟ್ಟರೆ ರೂಪ, ಸದ್ದು ಎರಡೂ ಕಲಸಿಹೋಗುತ್ತವೆ. ‘ಬ’, ‘ಭ’ ಜೋಡಿಯೂ ಅಷ್ಟೇ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ ಶುರುವಾಗುವುದೇ ‘ರ ಗ ಸ ದ ಅ’ದಿಂದ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ, ಓದಿದೆನೆಂಬ ಖುಷಿ ಮೊದಲ ವಾರವೇ.

ನುಣುಪಾದ ಸ್ಯಾಂಡ್‌ಪೇಪರಿನಲ್ಲಿ ಅಂಗೈಯುದ್ದದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ಒರಟಾದರೆ ಬೆರಳು ಉರಿಯುತ್ತದೆ. ತೋರುಬೆರಳು, ನಡುಬೆರಳು ಸೇರಿಸಿ, ಬರೆಯುವ ದಿಕ್ಕಿನಲ್ಲೇ ತಿದ್ದಿಸಿ. ಒಮ್ಮೆಗೆ ಎರಡು ಅಥವಾ ಮೂರು. ‘ಇದು ರ’ ಎನ್ನಿ. ಆಮೇಲೆ ‘ರ ಎಲ್ಲಿದೆ, ತೋರಿಸು’. ಅಲ್ಲೇ ಬಹಳ ಹೊತ್ತು ಆಟವಾಡಿ. ‘ಇದೇನು?’ ಕೊನೆಗೆ. ಹೆಚ್ಚಿನವರು ಎಡವುವುದು ಈ ಮೂರನೆಯದಕ್ಕೆ ಅವಸರಪಟ್ಟು. ಉತ್ತರ ಬಾರದಿದ್ದರೆ ತಿದ್ದದೆ ರಟ್ಟು ಎತ್ತಿಡಿ, ನಾಳೆ ಮತ್ತೆ ‘ಇದು ರ’.